342ರಲ್ಲಿ 173 ಕಳೆದ ಮೇಷ್ಟ್ರು

ಕಳೆಯುವ ಲೆಕ್ಕ ಕಲಿಸುವಾಗ ನಮ್ಮ ಮೇಷ್ಟ್ರು "ಎರಡರಲ್ಲಿ ಮೂರು ಹೋಗಲ್ಲ, ಪಕ್ಕದ ಮನೆಯಿಂದ ಸಾಲ ತಗೋ" ಅಂತಿದ್ದರು. ನಿಮಗೂ ಯಾರಾದರೂ ಹಾಗೇ ಹೇಳಿರುತ್ತಾರೆ, ಅಲ್ವಾ? ಆ ಸಾಲ ತೀರಿಸೋದು ಯಾವಾಗ ಸಾರ್ ಅಂತ ಕೇಳಿ ಬೈಸಿಕೊಂಡವನು ನಾನು. ಅದು ಸಾಲವೇ ಅಲ್ಲ, ಒಂದು ಹತ್ತನ್ನು ಚಿಲ್ಲರೆ ಮಾಡಿಸೋದು ಅಷ್ಟೇ ಅಂತ ತಲೆಗೆ ಹೋಗಿದ್ದು ಎಷ್ಟೋ ವರ್ಷದ ಮೇಲೆ, ಅದೂ ಒಂದು ತಮಾಷೆ ಹಾಡಿನಿಂದ.

ಆ ಹಾಡಿನವರು ಟಾಮ್ ಲೇರರ್. ಅಮೆರಿಕದ ಗಣಿತದ ಮೇಷ್ಟ್ರು, ಪಿಯಾನೊ ಮುಂದೆ ಕೂತರೆ ಮಹಾ ತರಲೆ. 2025ರ ಜುಲೈ 26ರಂದು ತೀರಿಕೊಂಡರು, 97 ವರ್ಷ ಆಗಿತ್ತು. ಸುದ್ದಿ ಓದಿದ ದಿನ ಊಟ ಆದ ಮೇಲೆ ಅವರ ಹಾಡುಗಳನ್ನೇ ಕೇಳುತ್ತಾ ಕೂತಿದ್ದೆ. ಹೆಚ್ಚಿನವು ಬ್ರಾಡ್‌ವೇ, ಅಂದರೆ ನ್ಯೂಯಾರ್ಕಿನ ಸಂಗೀತ ನಾಟಕಗಳ, ಹಾಡುಗಳ ಧಾಟಿಯವು. ಕಿವಿಗೆ ಸಿಹಿ, ಮಾತು ಮಾತ್ರ ಖಾರ.

15ನೇ ವಯಸ್ಸಿಗೇ ಹಾರ್ವರ್ಡ್ ಸೇರಿ, 18ಕ್ಕೆ ಗಣಿತದಲ್ಲಿ ಪದವಿ ಮುಗಿಸಿದ ಹುಡುಗ. 1953ರಲ್ಲಿ ಸ್ಟುಡಿಯೊಗೆ 15 ಡಾಲರ್ ಕೊಟ್ಟು ತನ್ನ ಹಾಡುಗಳನ್ನು ರೆಕಾರ್ಡ್ ಮಾಡಿಸಿ, ಗೆಳೆಯರಿಗೆ ಮಾರೋಣ ಅಂತ 400 ಪ್ರತಿ ತೆಗೆಸಿದರು. ಅದು ಬಾಯಿಂದ ಬಾಯಿಗೆ ಹರಡಿ, ಕೊನೆಗೆ ಲಕ್ಷಗಟ್ಟಲೆ ಮಾರಾಟವಾಯಿತು. ಆಗ ಗೊತ್ತಿದ್ದ 102 ಮೂಲವಸ್ತುಗಳ ಹೆಸರನ್ನೂ ಒಂದು ಹಳೇ ಒಪೆರಾ (ಸಂಗೀತ ನಾಟಕ) ಧಾಟಿಗೆ ಕೂರಿಸಿದ ಹಾಡು ಇವರದ್ದೇ. ಈಗ ಮೂಲವಸ್ತುಗಳು 118, ಹಾಡು ಹಳತಾಗಿದೆ ಅಂತ ಯಾರಿಗೂ ಅನಿಸಿಲ್ಲ.

ಕಳೆಯುವ ಲೆಕ್ಕದ ಹಾಡು ಬಂದಿದ್ದು 1965ರಲ್ಲಿ. ರಷ್ಯಾ ಸ್ಪುಟ್ನಿಕ್ ಉಪಗ್ರಹ ಹಾರಿಸಿದ ಮೇಲೆ ಅಮೆರಿಕದವರಿಗೆ ಗಾಬರಿ ಹತ್ತಿ, ಶಾಲೆಗಳಿಗೆ 'ಹೊಸ ಗಣಿತ' ತಂದಿದ್ದರು. ಉತ್ತರ ಬಂದರೆ ಸಾಲದು, ಯಾಕೆ ಬಂತು ಅಂತ ಮಗುವಿಗೆ ಗೊತ್ತಿರಬೇಕು ಅನ್ನೋದು ಅದರ ವಾದ. ಮನೆಯಲ್ಲಿ ಹೋಂವರ್ಕ್ ಮಾಡಿಸುವ ಅಪ್ಪ ಅಮ್ಮಂದಿರು ಕಂಗಾಲು. ಅವರಿಗೆ ಪಾಠ ಹೇಳುವವರ ಹಾಗೆ ಲೇರರ್ 342ರಲ್ಲಿ 173 ಕಳೆಯುತ್ತಾ ಹೋಗುತ್ತಾರೆ. ಉತ್ತರ 169. ಅಲ್ಲಿಗೂ ಬಿಡದೆ, ಅದೇ ಲೆಕ್ಕವನ್ನು ಎಂಟರ ಆಧಾರದಲ್ಲಿ, ಅಂದರೆ ಹತ್ತತ್ತರ ಬದಲು ಎಂಟೆಂಟರ ಗುಂಪು ಮಾಡಿ ಎಣಿಸುವ ಪದ್ಧತಿಯಲ್ಲಿ, ಇನ್ನೊಮ್ಮೆ ಮಾಡುತ್ತಾರೆ, ಉತ್ತರ 147. ಕಾಗದ ಪೆನ್ನು ಹಿಡಿದು ನೋಡಿದೆ, ಸರಿಯಾಗೇ ಇದೆ! ಜನ ನಕ್ಕೂ ನಕ್ಕೂ ಸುಸ್ತಾಗುತ್ತಿದ್ದಾರೆ, ಮನುಷ್ಯ ಒಂದು ಅಂಕೆಯನ್ನೂ ತಪ್ಪಿಸಿಲ್ಲ. ನನಗೆ ಅವರು ಇಷ್ಟವಾಗೋದು ಇದಕ್ಕೇ. ಗಣಿತದ ಜೋಕು ಅಂತ ಬರುವ ಎಷ್ಟೋ ಜೋಕುಗಳಲ್ಲಿ ಗಣಿತವೇ ಇರಲ್ಲ.

ಅಷ್ಟು ಹೆಸರು ಬಂದಮೇಲೂ ಅವರಿಗೆ ವೇದಿಕೆ ಬೇಜಾರಾಯಿತು. ದಿನಾ ರಾತ್ರಿ ಅದದೇ ಹಾಡು ಹಾಡೋದು ಅಂದರೆ ಕಾದಂಬರಿಕಾರ ತನ್ನ ಕಾದಂಬರಿಯನ್ನೇ ದಿನಾ ಓದಿ ಹೇಳಿದ ಹಾಗೆ ಅಂತಿದ್ದರು. ಪಿಎಚ್‌ಡಿಯನ್ನೂ ವರ್ಷಗಟ್ಟಲೆ ಎಳೆದು 1965ರಲ್ಲಿ ಕೈಬಿಟ್ಟರು. ಪಾಠ ಮಾಡೋದನ್ನು ಮಾತ್ರ ಬಿಡಲಿಲ್ಲ. 1972ರಿಂದ 2001ರವರೆಗೆ ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್ ವಿಶ್ವವಿದ್ಯಾಲಯದಲ್ಲಿ ಒಂದು ಕಡೆ ಸಂಗೀತ ನಾಟಕದ ಕ್ಲಾಸು, ಇನ್ನೊಂದು ಕಡೆ ಗಣಿತ. ಅದೂ ಯಾರಿಗೆ? ಕಲೆ, ಸಾಹಿತ್ಯ ಓದುವ ಹುಡುಗರಿಗೆ, ಅಂದರೆ ಗಣಿತ ಅಂದರೆ ಮಾರು ದೂರ ಓಡುವವರಿಗೆ. ಕೊನೇ ಗಣಿತದ ಕ್ಲಾಸಿನ ವಿಷಯ ಅನಂತ. ಪ್ರತಿಭೆ ಹಾಳು ಮಾಡಿಕೊಂಡರು ಅಂತ ಕೆಲವರು ಕೊರಗುತ್ತಾರೆ. ನನಗಂತೂ ಹಾಗೆ ಅನಿಸಲ್ಲ. ಮೇಷ್ಟ್ರಾಗಿರೋದು ಸಣ್ಣ ಕೆಲಸ ಅಂದುಕೊಂಡವರು ಮಾತ್ರ ಹಾಗೆ ಕೊರಗೋದು.

2020ರಲ್ಲಿ ಸಾಹಿತ್ಯದ ಹಕ್ಕು, 2022ರಲ್ಲಿ ಸಂಗೀತದ್ದೂ ಸೇರಿ ಎಲ್ಲವನ್ನೂ ಜನಕ್ಕೆ ಬಿಟ್ಟುಕೊಟ್ಟರು. ಯಾರು ಬೇಕಾದರೂ ಹಾಡಬಹುದು, ಬದಲಾಯಿಸಬಹುದು, ಅನುವಾದ ಮಾಡಬಹುದು. ಹಾಡುಗಳನ್ನು ಹಾಕಿದ್ದ ತಮ್ಮ ವೆಬ್‌ಸೈಟಿನಲ್ಲೇ, ಇದು ಜಾಸ್ತಿ ದಿನ ಇರಲ್ಲ, ಬೇಕಾದವರು ಬೇಗ ಇಳಿಸಿಕೊಳ್ಳಿ ಅಂತ ಬರೆದಿಟ್ಟಿದ್ದರು.

ನಾನು ಇಳಿಸಿಕೊಂಡೆ. ಸುಮ್ನೆ ಇರೋಕಾಗದೆ ಕಳೆಯುವ ಲೆಕ್ಕದ ಹಾಡನ್ನು ಕನ್ನಡಕ್ಕೆ ಕೂರಿಸಲು ನೋಡುತ್ತಿದ್ದೇನೆ. ಬಿಡಿಸ್ಥಾನ ದಾಟಿದೆ. "ನೂರಾ ಎಪ್ಪತ್ತಮೂರು" ಅನ್ನೋದು ಮಾತ್ರ ಆ ತಾಳದಲ್ಲಿ ಹಿಡಿಸುತ್ತಲೇ ಇಲ್ಲ.