ನಾಲ್ಕು ಎಣಿಸಿ ಒಳಗೆ, ಆರು ಎಣಿಸಿ ಹೊರಗೆ

ಹತ್ತು ದಿನ ಬಾಯಿ ಮುಚ್ಚಿಕೊಂಡು ಕೂತು ಬಂದವರಿಗೆ ಒಂದು ಥರ ಕೊಬ್ಬು ಬರುತ್ತದೆ. ನನಗೂ ಬಂದಿತ್ತು.

ತುಮಕೂರು ರಸ್ತೆಯ ದಾಸನಪುರದ ಹತ್ತಿರ ಆಲೂರಿನಲ್ಲಿ ವಿಪಶ್ಯನ ಧ್ಯಾನ ಕೇಂದ್ರ ಇದೆ. ಕೋವಿಡ್ ವಾರ್ಡಿನ ಡ್ಯೂಟಿ ಮುಗಿದ ಮೇಲೆ ನನಗೆ ನಿದ್ದೆ ಅನ್ನೋದೇ ಹೋಗಿತ್ತು. ಇದ್ದಬದ್ದ ರಜೆ ಎಲ್ಲ ಸೇರಿಸಿ ಅಲ್ಲಿಗೆ ಹೋದೆ. ಬೆಳಗಿನ ಜಾವ 4ಕ್ಕೆ ಗಂಟೆ ಹೊಡೆಯುತ್ತಾರೆ. ಎಲ್ಲರೂ ಗೊಣಗುವ ಹೊತ್ತು ಅದು. ನೈಟ್ ಡ್ಯೂಟಿಯಲ್ಲಿ ನಾನು ರಕ್ತದ ಸ್ಯಾಂಪಲ್ ಎಳೆಯೋಕೆ ಶುರು ಮಾಡುವ ಟೈಮೂ ಅದೇ, ಹಾಗಾಗಿ ನನಗೇನೂ ಅನ್ನಿಸಲಿಲ್ಲ. ಮೊದಲ ಮೂರು ದಿನ ಬರೀ ಉಸಿರು ನೋಡೋದು. ಸಂಜೆ 5ಕ್ಕೆ ಮಂಡಕ್ಕಿ, ಟೀ. ದಾವಣಗೆರೆಯವಳಿಗೆ ಇನ್ನೇನು ಬೇಕು! ವಾಪಸ್ ಬಂದ ವಾರ ಚೆನ್ನಾಗಿ ನಿದ್ದೆ ಮಾಡಿದೆ. ಆಮೇಲೆ ಸಿಕ್ಕಸಿಕ್ಕವರಿಗೆಲ್ಲ ಉಸಿರಾಟ ಹೇಳಿಕೊಡೋಕೆ ಶುರು ಮಾಡಿದೆ. ಜೂನಿಯರ್‌ಗಳು ನನ್ನನ್ನು ನೋಡಿದರೆ ದಾರಿ ಬದಲಿಸುತ್ತಿದ್ದರು.

ಆ ರಾತ್ರಿ ಮೇಲ್ ಮೆಡಿಕಲ್ ವಾರ್ಡು. 22 ಬೆಡ್, ಇಬ್ಬರು ಸಿಸ್ಟರ್. ಒಂಬತ್ತನೇ ಬೆಡ್‌ನಲ್ಲಿ ರಿಟೈರ್ಡ್ ಮೇಷ್ಟ್ರು. ಶುಗರ್, ಬಿಪಿ, ಕಾಲಿನಲ್ಲಿ ಅಲ್ಸರ್. ಸಂಜೆ ರೌಂಡ್ಸ್‌ನಲ್ಲಿ ಸರ್ಜನ್ 'ಒಂದು ಬೆರಳು ತೆಗೀಬೇಕಾಗಬಹುದು' ಅಂತ ಹೇಳಿ ಮುಂದಿನ ಬೆಡ್‌ಗೆ ಹೋಗಿದ್ದರು.

ರಾತ್ರಿ 2:40ಕ್ಕೆ ಮಗ ಬಂದು ಕರೆದ. 'ಅಪ್ಪ ಯಾಕೋ ಹೆದರ್ಕೊಂಡಿದ್ದಾರೆ ಸಿಸ್ಟರ್.' ಹೋಗಿ ನೋಡಿದೆ. ಮೇಷ್ಟ್ರು ನಡುಗುತ್ತಿದ್ದರು. 'ಎದೆ ಒಳಗೆ ಏನೋ ಒಂಥರಾ, ಭಯ' ಅಂದರು. ಬಿಪಿ 150/90, ಸ್ಯಾಚುರೇಶನ್ 98, ಪಲ್ಸ್ 82. ಬೆರಳು ಹೋಗುತ್ತೆ ಅಂತ ಕೇಳಿದ ಮನುಷ್ಯ ಹೆದರದೆ ಇರುತ್ತಾನಾ? ಆಂಕ್ಸೈಟಿ ಅಂತ ಮನಸ್ಸಿನಲ್ಲೇ ತೀರ್ಪು ಬರೆದುಬಿಟ್ಟೆ. ಡ್ಯೂಟಿ ಡಾಕ್ಟರ್‌ಗೆ ಫೋನ್ ಮಾಡಿದರೆ ನಿದ್ದೆ ಮಾತ್ರೆ ಬರೀತಾರೆ. ನನ್ನ ಹತ್ತಿರ ಅದಕ್ಕಿಂತ ಒಳ್ಳೇದು ಇದೆಯಲ್ಲ!

ಸ್ಟೂಲ್ ಎಳೆದು ಕೂತೆ. ಕೈ ಹಿಡಿದುಕೊಂಡೆ. ನಾಲ್ಕು ಎಣಿಸಿ ಒಳಗೆ, ಆರು ಎಣಿಸಿ ಹೊರಗೆ. ಮೇಷ್ಟ್ರು ಒಳ್ಳೆ ವಿದ್ಯಾರ್ಥಿಯ ಹಾಗೆ ಎಣಿಸಿದರು. ಕೈ ಒದ್ದೆಯಾಗಿತ್ತು. ಐಸಿನ ಹಾಗೆ ತಣ್ಣಗಿತ್ತು. ಭಯದ ಬೆವರು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಎಣಿಕೆ ತಪ್ಪಿತು. ಮೂರು ಆದ ಮೇಲೆ ಏಳು ಅಂದರು. ನಾನು ನಕ್ಕೆ. ನಕ್ಕೆ! ಆಮೇಲೆ ಅವರು ಸುಮ್ಮನಾದರು, ಕಣ್ಣು ಮುಚ್ಚಿದರು. ಆಹಾ, ಶಾಂತವಾದರು ಅಂತ ನನಗೆ ಖುಷಿ. ಮಗನ ಕಡೆ ನೋಡಿ 'ನೋಡಿದ್ರಾ' ಅನ್ನೋ ಹಾಗೆ ತಲೆ ಆಡಿಸಿದೆ.

ಅಷ್ಟರಲ್ಲಿ ಜೂನಿಯರ್ ಡ್ರಿಪ್ ನೋಡೋಕೆ ಆ ಕಡೆ ಬಂದಳು. 'ಅಕ್ಕ, ಜಿಆರ್‌ಬಿಎಸ್ ನೋಡಿದ್ರಾ?'

ಬೆರಳು ಚುಚ್ಚಿ ನೋಡುವ ಶುಗರ್ ಟೆಸ್ಟ್ ಅದು. ನೋಡಿರಲಿಲ್ಲ.

ನಮ್ಮ ಗ್ಲುಕೋಮೀಟರ್ ಬ್ಯಾಟರಿ ಸತ್ತು ಎರಡು ದಿನ ಆಗಿತ್ತು. ಪಕ್ಕದ ವಾರ್ಡಿನದು ತರಬೇಕು. ಸ್ಟ್ರಿಪ್ ಇನ್‌ಚಾರ್ಜ್ ಕಪಾಟಿನಲ್ಲಿ, ಬೀಗದ ಕೈ ಡ್ರಾಯರಿನಲ್ಲಿ. ಅವಳು ಓಡಿದಳು. ನಾನು 'ಮೇಷ್ಟ್ರೇ, ಮೇಷ್ಟ್ರೇ' ಅಂತ ಭುಜ ಅಲ್ಲಾಡಿಸುತ್ತಾ ನಿಂತೆ. ಅವರು ಏನೋ ಗೊಣಗಿದರು, ಕಣ್ಣು ಬಿಡಲಿಲ್ಲ. ಅವಳು ಹೋಗಿ ಬರೋಕೆ ಮೂರು ನಿಮಿಷ ಹಿಡಿದಿರಬಹುದು. ಇಷ್ಟು ವರ್ಷದ ಸರ್ವಿಸ್‌ನಲ್ಲಿ ಅಷ್ಟು ಉದ್ದದ ಮೂರು ನಿಮಿಷ ನಾನು ನೋಡಿಲ್ಲ.

ಶುಗರ್ 38. ತೀರಾ ಕಡಿಮೆ.

ಪುಣ್ಯಕ್ಕೆ ಡ್ರಿಪ್ ಹಾಕುವ ಕ್ಯಾನುಲಾ ಬ್ಲಾಕ್ ಆಗಿರಲಿಲ್ಲ. ಡಾಕ್ಟರ್ ಓಡಿ ಬಂದರು. 25% ಡೆಕ್ಸ್‌ಟ್ರೋಸ್ (ಗ್ಲುಕೋಸ್) 100 ಎಂಎಲ್ ಹೋಯಿತು. ಹದಿನೈದು ನಿಮಿಷಕ್ಕೆ 112. ಮೇಷ್ಟ್ರು ಕಣ್ಣು ಬಿಟ್ಟು 'ಬೆಳಗಾಯ್ತಾ?' ಅಂತ ಕೇಳಿದರು. ನಾನು ಯುಟಿಲಿಟಿ ರೂಮಿಗೆ ಹೋಗಿ ಅತ್ತೆ.

ಬೆಳಗ್ಗೆ ಚಾರ್ಟ್ ತೆಗೆದು ನೋಡಿದರೆ ಎಲ್ಲ ಅಲ್ಲೇ ಇತ್ತು. ಸಂಜೆ 7:30ಕ್ಕೆ ಮಿಕ್ಸ್‌ಟಾರ್ಡ್ ಇನ್ಸುಲಿನ್. 'ಡಯಟ್ ಟೇಕನ್' ಅಂತ ಟಿಕ್. ಊಟ ತಿಂದಿದ್ದು ಮಗ! ಉಪ್ಪಿಲ್ಲದ ಸಾರು ಬೇಡ ಅಂತ ಅಪ್ಪ ತಟ್ಟೆ ತಳ್ಳಿದ್ದರು, ವೇಸ್ಟ್ ಆಗೋದು ಬೇಡ ಅಂತ ಇವನು ತಿಂದ. ಪಲ್ಸ್ ಯಾಕೆ ಏರಲಿಲ್ಲ? ಬಿಪಿಗೆ ಮೆಟೊಪ್ರೊಲಾಲ್ ಮಾತ್ರೆ ನಡೀತಿತ್ತು. ಶುಗರ್ ಇಳಿದಾಗ ಎದೆ ಹೊಡೆದುಕೊಳ್ಳೋದನ್ನು ಅದು ಮುಚ್ಚಿಹಾಕುತ್ತೆ, ಬೆವರನ್ನು ಮುಚ್ಚೋದಿಲ್ಲ. ಇದು ಜಿಎನ್ಎಂ ನರ್ಸಿಂಗ್ ಓದುವಾಗಲೇ ಉರು ಹೊಡೆದಿದ್ದ ಪಾಠ. ಇದ್ದದ್ದನ್ನು ಇದ್ದ ಹಾಗೆ ನೋಡು ಅಂತ ಹತ್ತು ದಿನ ಕಲಿತು ಬಂದವಳು ಕೈಯಲ್ಲೇ ಇದ್ದ ತಣ್ಣನೆ ಬೆವರನ್ನು ನೋಡಲಿಲ್ಲ. ನಾನು ನೋಡಿದ್ದು ನಾನೇ ಕಟ್ಟಿಕೊಂಡ ಕಥೆಯನ್ನು.

ಇನ್ಸಿಡೆಂಟ್ ಫಾರಂ ಬರೆದೆ. ವಾರ್ಡಿಗೆ ಇನ್ನೊಂದು ಗ್ಲುಕೋಮೀಟರ್ ಬೇಕು ಅಂತ ಅದರಲ್ಲೇ ಸೇರಿಸಿದೆ. ಮ್ಯಾನೇಜ್‌ಮೆಂಟ್ ಏನು ಕೊಟ್ಟಿತು ಗೊತ್ತಾ? ಮಾರ್ನಿಂಗ್ ಶಿಫ್ಟ್ ಮುಗಿದ ಮೇಲೆ, ಮಧ್ಯಾಹ್ನ 2:30ಕ್ಕೆ, ಸ್ಟಾಫ್‌ಗೆಲ್ಲ ಧ್ಯಾನದ ಸೆಷನ್. ಕಡ್ಡಾಯ. ಸಹಿ ಬೇರೆ ಹಾಕಬೇಕು. ಕಣ್ಣು ಮುಚ್ಚಿ ಅಂದ ಕೂಡಲೇ ಅರ್ಧ ಜನ ಗೊರಕೆ. ಜೂನ್ 21ಕ್ಕೆ ಯೋಗ ದಿನದ ಬ್ಯಾನರ್ ಬಂತು, ಫೋಟೋ ಬಂತು. ಗ್ಲುಕೋಮೀಟರ್ ಬಂದಿದ್ದು ಅಕ್ಟೋಬರ್‌ನಲ್ಲಿ.

ಧ್ಯಾನ ನಾನು ಬಿಟ್ಟಿಲ್ಲ. ಈಗ ವಾರಕ್ಕೆ ಮೂರು ದಿನ ಪೇನ್ ಕ್ಲಿನಿಕ್‌ನಲ್ಲಿ ಉಸಿರಾಟ ಹೇಳಿಕೊಡೋದೇ ನನ್ನ ಡ್ಯೂಟಿ. 'ಪ್ರಾಣಾಯಾಮ ಶುರು ಮಾಡಿದೆ, ಇನ್ಸುಲಿನ್ ಬಿಟ್ಟೆ' ಅಂತ ಹೆಮ್ಮೆಯಿಂದ ಬರೋರು ಇದ್ದಾರೆ. ಅವರಿಗೆ ನಾನು ಬೈಯೋದನ್ನು ಕೇಳಿದರೆ ಇವಳು ಧ್ಯಾನ ಮಾಡೋಳು ಅಂತ ಯಾರೂ ನಂಬಲ್ಲ.

ಮೇಷ್ಟ್ರ ಬೆರಳು ಕೊನೆಗೂ ಉಳಿಯಿತು. ಡಿಸ್ಚಾರ್ಜ್ ದಿನ ನನ್ನನ್ನು ಕರೆದರು. 'ಸಿಸ್ಟರ್, ಅವತ್ತು ಎಣಿಸೋದು ಅರ್ಧಕ್ಕೇ ನಿಂತುಹೋಯ್ತು. ಪೂರ್ತಿ ಹೇಳ್ಕೊಡಿ.'

ಸ್ಟೂಲ್ ಎಳೆದೆ. 'ಮೊದಲು ಬೆರಳು ಕೊಡಿ ಮೇಷ್ಟ್ರೇ, ಕೈದು' ಅಂದೆ.