ಮಾರುತಿ 800ರ ಹಿಂದಿನ ಸ್ಪ್ರಿಂಗು: ನಾಲ್ಕನೇ ಅಕ್ಕಿ ಚೀಲದಲ್ಲಿ ಸಿಕ್ಕ ಉತ್ತರ

ಮೂರು ವಾರ ತಲೆ ತಿಂದ ಸಮಸ್ಯೆ ಮೊನ್ನೆ ಭಾನುವಾರ ಬಗೆಹರಿಯಿತು. ಚಕ್ರ ಬಿಚ್ಚೋದು, ಸ್ಟ್ಯಾಂಡ್ ಕೊಡೋದು, ಶಾಕಬ್ಸರ್ (ಶಾಕ್ ಅಬ್ಸಾರ್ಬರ್) ಕೆಳಗಿನ ಬೋಲ್ಟ್ ಕಳಚಿ ಆಕ್ಸಲ್ ಇಳಿಸೋದು, ಇದೆಲ್ಲ ನಿಮಗೆ ಗೊತ್ತಿರೋದೇ. ನೇರವಾಗಿ ಸ್ಪ್ರಿಂಗಿಗೆ ಬರ್ತೀನಿ.

ಹಿಂದಿನ ಸೀಟಿನಲ್ಲಿ ಮೂವರು ಕೂತು ಡಿಕ್ಕಿ ತುಂಬಿದರೆ ನನ್ನ 800 ತೋರಣಗಲ್ಲು ದಾಟಿ ಸಂಡೂರು ಮುಟ್ಟುವವರೆಗೆ ಗುಂಡಿ ಸಿಕ್ಕಾಗಲೆಲ್ಲ ದಡ್ ಅಂತ ತಳ ಹೊಡೆಯುತ್ತಿತ್ತು. ಅದಿರಿನ ಲಾರಿ ಓಡಾಡುವ ರಸ್ತೆ ಹೇಗಾಗುತ್ತೆ ಅಂತ ಬಳ್ಳಾರಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮೂಲ ಸ್ಪ್ರಿಂಗ್ ಲೀನಿಯರ್, ಎಷ್ಟು ಒತ್ತಿದರೂ ಒಂದೇ ಬಿಗಿ. ಪ್ರೊಗ್ರೆಸಿವ್ ಅನ್ನೋ ಇನ್ನೊಂದು ಬಗೆಯ ಸ್ಪ್ರಿಂಗಿನಲ್ಲಿ ಒಂದು ತುದಿಯ ಸುತ್ತುಗಳು ಹತ್ತಿರ ಹತ್ತಿರ ಇರುತ್ತವೆ. ಭಾರ ಬಿದ್ದಂತೆ ಅವು ಒಂದರ ಮೇಲೊಂದು ಕೂತು ಕೆಲಸ ನಿಲ್ಲಿಸುತ್ತವೆ. ದುಡಿಯುವ ಸುತ್ತು ಕಡಿಮೆಯಾದಷ್ಟೂ ಬಿಗಿ ಹೆಚ್ಚುತ್ತೆ. ಖಾಲಿ ಇದ್ದಾಗ ಮೆತ್ತಗೆ, ತುಂಬಿದಾಗ ಗಟ್ಟಿ. ನನಗೆ ಬೇಕಾಗಿದ್ದೂ ಅದೇ. ಒಂದು ಜೊತೆ ತರಿಸಿ ಹಾಕಿದೆ.

ಆಗಿದ್ದು ಉಲ್ಟಾ. ತುಂಬಿದ ಗಾಡಿ ಚೆನ್ನಾಗಿ ನಿಂತಿತು. ಖಾಲಿ ಗಾಡಿ ರಸ್ತೆಯ ಪ್ರತಿ ಉಬ್ಬಿಗೂ ಎಗರಿ, ಒಂದೆರಡು ಸಲ ಕುಣಿದ ಮೇಲೇ ತಣ್ಣಗಾಗುತ್ತಿತ್ತು. ಜೊತೆಗೆ ಹಿಂದಿನಿಂದ ಟಕ್ ಟಕ್ ಸದ್ದು ಬೇರೆ. ಕೌಲ್ ಬಜಾರ್‌ಗೆ ಕರಕೊಂಡು ಹೋದಾಗ ಅವ್ವ, "ಇದಕ್ಕಿಂತ ಟಂಟಂನೇ ವಾಸಿ ಇತ್ತಲ್ಲೋ" ಅಂದಳು. ಶಾಕಬ್ಸರ್ ಹೋಗಿರಬೇಕು ಅಂತ ಹೊಸ ಜೊತೆ ಹಾಕಿದೆ, ಅದೇ ಕುಣಿತ. ಜೋಡಣೆಯಲ್ಲಿರುವ ರಬ್ಬರ್ ಬುಷ್ ಬದಲಾಯಿಸಿದೆ, ಅದೇ ಸದ್ದು.

ಸ್ಪ್ರಿಂಗ್ ಕೊಟ್ಟ ಅಂಗಡಿಗೆ ಫೋನ್ ಹಚ್ಚಿ "ಇದರ ರೇಟ್ ಎಷ್ಟು ಸಾರ್?" ಅಂತ ಕೇಳಿದರೆ, "ಬಿಲ್ಲಿನಾಗೇ ಐತಲ್ರೀ" ಅಂದರು. ಎಷ್ಟು ಕೆಜಿಗೆ ಎಷ್ಟು ಮಿಲಿಮೀಟರ್ ಕೂರುತ್ತೆ ಅಂತ ಬಿಡಿಸಿ ಕೇಳಿದೆ. "ಎಲ್ಲಾ ಗಾಡಿಗೂ ಕೂರ್ತೈತಿ" ಅಂತ ಉತ್ತರ ಬಂತು. ಡಬ್ಬಿಯ ಮೇಲೆ ಹೆವಿ ಡ್ಯೂಟಿ ಅಂತ ಅಚ್ಚು ಹಾಕಿ ಮಾರುವವರು ಎರಡು ಅಂಕಿ ಅಚ್ಚು ಹಾಕಲಾರರೇ? ಆ ಎರಡು ಅಂಕಿ ಇದ್ದಿದ್ದರೆ ನನ್ನ ಮೂರು ವಾರ ಉಳಿಯುತ್ತಿತ್ತು.

ಮೊದಲು ಸದ್ದಿನ ಬೆನ್ನು ಹತ್ತಿದೆ. ಹತ್ತಿರದ ಸುತ್ತುಗಳಿಗೆ ಗೋಡೆಗೆ ಬಳಿಯುವ ಸುಣ್ಣ ಹಚ್ಚಿ, ಒಣಗಿಸಿ, ಖಾಲಿ ಗಾಡಿಯಲ್ಲಿ ಕುಡತಿನಿವರೆಗೆ ಹೋಗಿ ಬಂದೆ. ಟಾರ್ಚ್ ಹಿಡಿದು ನೋಡಿದರೆ ಮೂರು ಸುತ್ತುಗಳ ನಡುವೆ ಸುಣ್ಣ ಪುಡಿಯಾಗಿ ಉದುರಿತ್ತು. ಆ ಜಾಗದಲ್ಲಿ ಕರಿ ಬಣ್ಣವೂ ಸವೆದು, ದಾರದಷ್ಟು ಅಗಲದ ಉಕ್ಕಿನ ಗೆರೆ ಹೊಳೆಯುತ್ತಿತ್ತು. ಗೆರೆಯ ಎರಡೂ ಅಂಚಿಗೆ ನಮ್ಮೂರಿನ ಕೆಂಪು ಧೂಳು ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಅಂದರೆ ಗಾಡಿ ಖಾಲಿ ಇದ್ದಾಗಲೇ ಆ ಸುತ್ತುಗಳು ಒಂದಕ್ಕೊಂದು ಬಡಿಯುತ್ತಿವೆ.

ಇನ್ನು ಅಳೆಯೋದು. ಗೆಳೆಯನ ವೆಲ್ಡಿಂಗ್ ಶಾಪಿನಲ್ಲಿ ನಾಲ್ಕು ಕಬ್ಬಿಣದ ಆಂಗಲ್ ನೆಟ್ಟಗೆ ನಿಲ್ಲಿಸಿ, ನಡುವೆ ಸ್ಪ್ರಿಂಗ್, ಮೇಲೊಂದು ಹಲಗೆ. ತೂಕಕ್ಕೆ ಗಂಗಾವತಿ ಸೋನಾಮಸೂರಿಯ 25 ಕೆಜಿ ಚೀಲಗಳು. ಮೂಲ ಸ್ಪ್ರಿಂಗ್ ಪ್ರತಿ ಚೀಲಕ್ಕೂ 16 ಮಿಮೀ ಕೂತಿತು, ಮೊದಲನೆಯದಕ್ಕೂ ಅಷ್ಟೇ, ಏಳನೆಯದಕ್ಕೂ ಅಷ್ಟೇ. ಪ್ರೊಗ್ರೆಸಿವ್ ಸ್ಪ್ರಿಂಗ್ ಮೊದಲ ಮೂರು ಚೀಲಕ್ಕೆ 21, 21, 21. ನಾಲ್ಕನೆಯದಕ್ಕೆ 15. ಐದನೆಯದರಿಂದ ಮುಂದೆ ಬರೀ 10. ನಾಲ್ಕನೇ ಚೀಲ ಇಟ್ಟಾಗ ಸುತ್ತು ಕೂಡುವ ಆ ಟಕ್ ಸದ್ದು ಕಿವಿಗೇ ಬಿತ್ತು.

ಗಾಡಿಯಲ್ಲಿ ಕೂತ ಸ್ಪ್ರಿಂಗಿನ ಎತ್ತರ ಅಳೆದೆ. ಖಾಲಿ ಗಾಡಿಯಲ್ಲೇ 80 ಮಿಮೀ ಒತ್ತಿಕೊಂಡಿತ್ತು. ನನ್ನ ಪಟ್ಟಿಯ ಪ್ರಕಾರ ನಾಲ್ಕು ಚೀಲಕ್ಕೇ 78! ಮೆತ್ತನೆಯ ಭಾಗ ಗಾಡಿ ನೆಲಕ್ಕಿಳಿಯುವಷ್ಟರಲ್ಲೇ ಮುಗಿದುಹೋಗಿತ್ತು. ಆಮೇಲೆ ನಾನು ಓಡಿಸುತ್ತಿದ್ದದ್ದು ಮೂಲಕ್ಕಿಂತ ಒಂದೂವರೆ ಪಟ್ಟು ಬಿಗಿಯಾದ ಲೀನಿಯರ್ ಸ್ಪ್ರಿಂಗ್.

ಕುಣಿತಕ್ಕೂ ಕಾರಣ ಇಲ್ಲೇ ಇದೆ. ಬಿಗಿ 1.6ರಿಂದ 2.5 ಕೆಜಿ/ಮಿಮೀ ಆದರೆ ಅದನ್ನು ಹಿಡಿದು ನಿಲ್ಲಿಸಲು ಬೇಕಾದ ಡ್ಯಾಂಪಿಂಗ್ (ಕುಣಿತಕ್ಕೆ ಶಾಕಬ್ಸರ್ ಒಡ್ಡುವ ತಡೆ) ಆ ಏರಿಕೆಯ ವರ್ಗಮೂಲದಷ್ಟು, ಅಂದರೆ 1.25 ಪಟ್ಟು ಏರುತ್ತೆ. ನಾನು ಹಾಕಿದ ಹೊಸ ಶಾಕಬ್ಸರ್‌ಗಳು ಮೂಲ ಸ್ಪ್ರಿಂಗಿಗೆ ಹೊಂದಿಸಿದವು, ಅವುಗಳದೇನೂ ತಪ್ಪಿಲ್ಲ. (ಚಕ್ರ ಒಂದು ಮಿಮೀ ಏರಿದರೆ ಸ್ಪ್ರಿಂಗ್ ಎಷ್ಟು ಒತ್ತಿಕೊಳ್ಳುತ್ತೆ ಅನ್ನೋ ಮೋಷನ್ ರೇಷಿಯೋ ಇಲ್ಲಿ ಹಿಡಿದಿಲ್ಲ. ಚಕ್ರದ ಲೆಕ್ಕ ಬೇಕಾದವರು ಅದರ ವರ್ಗದಿಂದ ಗುಣಿಸಿಕೊಳ್ಳಿ.)

ಮುಂದಿನ ದಾರಿ ತೋರಿಸಿದ್ದು ಪಕ್ಕದ ಶೆಡ್ಡಿನಲ್ಲಿ ಲಾರಿ ಕಮಾನು ಪಟ್ಟಿ (ಉಕ್ಕಿನ ಪಟ್ಟಿಗಳನ್ನ ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗ್) ಕಟ್ಟುವ ಮೇಸ್ತ್ರಿ. ಚೀಲ ಪೇರಿಸೋದನ್ನ ಸುಮ್ಮನೆ ನೋಡುತ್ತಿದ್ದವರು ಕೊನೆಗೆ, "ತಮ್ಮಾ, ಖಾಲಿ ಲಾರಿಯಾಗ ಹೆಲ್ಪರ್ ಪಟ್ಟಾ ಮುಟ್ಟಬಾರದು. ಲೋಡ್ ಬಿದ್ದ ಮ್ಯಾಲೇ ಮುಟ್ಟಬೇಕು. ನಿಂದು ಖಾಲಿಯಾಗೇ ಮುಟ್ಯಾದ" ಅಂದರು. ಹೆಲ್ಪರ್ ಪಟ್ಟಾ ಅಂದರೆ ಭಾರ ಹೆಚ್ಚಾದಾಗ ಮಾತ್ರ ಹೆಗಲು ಕೊಡುವ ಹೆಚ್ಚುವರಿ ಪಟ್ಟಿ. ಇಷ್ಟು ಚೊಕ್ಕವಾಗಿ ಈ ವಿಷಯವನ್ನ ನನಗೆ ಬೇರೆ ಯಾರೂ ಹೇಳಿರಲಿಲ್ಲ. ಸ್ಪ್ರಿಂಗ್ ಪ್ರೊಗ್ರೆಸಿವ್ ಆದರೆ ಸಾಲದು, ಬಿಗಿ ಏರುವ ಜಾಗ ನಮ್ಮ ಗಾಡಿಯ ತೂಕಕ್ಕೆ ಸರಿಯಾಗಿ ಬೀಳಬೇಕು.

ಹಾಗಾಗಿ ಮೂಲ ಲೀನಿಯರ್ ಸ್ಪ್ರಿಂಗನ್ನೇ ವಾಪಸ್ ಹಾಕಿದೆ. ಹೆಲ್ಪರ್ ಪಟ್ಟಾದ ಕೆಲಸವನ್ನ ಬಂಪ್ ಸ್ಟಾಪಿಗೆ, ಅಂದರೆ ಸ್ಪ್ರಿಂಗ್ ತೀರಾ ಒತ್ತಿದಾಗ ತಾಗಿ ತಡೆಯುವ ಮೆತ್ತೆಗೆ, ವಹಿಸಿದೆ. ಹಳೆಯದು ಗಿಡ್ಡ, ಕಲ್ಲಿನಂಥ ರಬ್ಬರು. ಅದರ ಬದಲು ಉದ್ದನೆಯ, ತುದಿ ಸಣ್ಣಗಿರುವ ಪಾಲಿಯುರೆಥೇನ್ ಫೋಮಿನದು. ಅದರ ತುದಿ ಹೆಬ್ಬೆರಳಿಗೇ ಬಗ್ಗುತ್ತೆ, ಅರ್ಧ ಎತ್ತರಕ್ಕೆ ಬಂದಾಗ ಮೈಭಾರವೆಲ್ಲ ಹಾಕಿದರೂ ಜಗ್ಗಲ್ಲ. ಖಾಲಿ ಗಾಡಿಯ ಮಟ್ಟದಿಂದ 35 ಮಿಮೀ ಕೆಳಗೆ ತಾಗುವಂತೆ ಬ್ಲೇಡಿನಲ್ಲಿ ಕತ್ತರಿಸಿದೆ. ಅದೇ ಚೌಕಟ್ಟಿನಲ್ಲಿ ಎರಡನ್ನೂ ಒಟ್ಟಿಗೆ ಒತ್ತಿ ನೋಡಿದರೆ ಆರು ಚೀಲದವರೆಗೆ 16, ಏಳನೆಯದಕ್ಕೆ 14, ಎಂಟನೆಯದಕ್ಕೆ 11. ಬಿಗಿ ಏರುವ ಜಾಗ ನಾಲ್ಕನೇ ಚೀಲದಿಂದ ಏಳನೆಯದಕ್ಕೆ ಸರಿಯಿತು.

ಮೂಲ ಸ್ಪ್ರಿಂಗಿನ ಒಂದು ಸುತ್ತು ಕತ್ತರಿಸಿ ಬಿಗಿ ಮಾಡಿ ಅನ್ನುವವರಿಗೂ ಒಂದು ಮಾತು. ಅದರಿಂದ ಬಿಗಿ ಏರುತ್ತೆ ನಿಜ, ಗಾಡಿಯೂ ಕೆಳಗಿಳಿಯುತ್ತೆ, ತಳ ಹೊಡೆಯುವ ಮುಂಚೆ ಇದ್ದ ಅಂತರವೂ ಹೋಗುತ್ತೆ. ದಪ್ಪ ತಂತಿ ಹಾಕಿಸೋಣ ಅಂದರೆ ಬಿಗಿ ತಂತಿಯ ದಪ್ಪದ ನಾಲ್ಕನೇ ಘಾತಕ್ಕೆ ಏರುತ್ತೆ. 10 ಮಿಮೀ ಇದ್ದದ್ದು 11 ಆದರೂ 1.46 ಪಟ್ಟು, ಖಾಲಿ ಗಾಡಿಯಲ್ಲಿ ಮತ್ತೆ ಅದೇ ಕುಣಿತ.

ಮೇಸ್ತ್ರಿಯ ಮಾತು ಕೇಳಿದಾಗಿನಿಂದ ಮನಸ್ಸು ಸಿರುಗುಪ್ಪದಲ್ಲಿದೆ. ಅಲ್ಲಿ ನಮ್ಮ ಮಾವನ ಭತ್ತದ ಗೋದಾಮಿನಲ್ಲಿ ಒಂದು ಪ್ರೀಮಿಯರ್ ಪದ್ಮಿನಿ ಧೂಳು ತಿನ್ನುತ್ತಿದೆ. ಮುಂದೆ ಕಾಯಿಲ್, ಹಿಂದೆ ಕಮಾನು ಪಟ್ಟಿ. ಪಟ್ಟಿಗಳ ನಡುವೆ ತುಕ್ಕು ಕೂತರೆ ತಿಕ್ಕಾಟ ಏರಿ ಸಣ್ಣ ಗುಂಡಿಗೆ ಸ್ಪ್ರಿಂಗ್ ಅಲುಗುವುದೇ ಇಲ್ಲ. ಒಂದೊಂದೇ ಪಟ್ಟಿ ಬಿಚ್ಚಿ, ಉಜ್ಜಿ, ನಡುವೆ ನೈಲಾನ್ ಹಾಳೆ ಕೊಟ್ಟು, ಇದೇ ಚೀಲಗಳಲ್ಲಿ ಮುಂಚಿನದು ಆಮೇಲಿನದು ಎರಡೂ ಅಳೆಯಬೇಕು. ಮಾವ ಇನ್ನೂ ಹೂಂ ಅಂದಿಲ್ಲ.

ಭಾನುವಾರ ಸಂಜೆ ಅವ್ವ, ಅತ್ತೆ, ಚಿಕ್ಕಮ್ಮ ಮೂವರನ್ನೂ ಹಿಂದೆ ಕೂರಿಸಿ ಸಂಡೂರಿಗೆ ಹೋಗಿ ಬಂದೆ. ತಳ ಒಮ್ಮೆಯೂ ಹೊಡೆಯಲಿಲ್ಲ. ವಾಪಸ್ ಬರುವಾಗ ತೋರಣಗಲ್ಲು ದಾಟುವಷ್ಟರಲ್ಲಿ ಅವ್ವ ನಿದ್ದೆ ಹೋಗಿದ್ದಳು.