ಡಿಡಿ2 ಅಂದರೆ ಯಾವ ಮಗು?

ನಮ್ಮ ನರ್ಸಿಂಗ್ ಹೋಮಿನಲ್ಲಿ ಒಂದು ವಾಟ್ಸಾಪ್ ಫೋನ್ ಇದೆ. ಹೆರಿಗೆ ಆಗಿ ಮನೆಗೆ ಹೋದವರು ಏನಾದರೂ ಕೇಳಬೇಕಿದ್ದರೆ ಅದಕ್ಕೆ ಮೆಸೇಜ್ ಹಾಕಬಹುದು. ಐಡಿಯಾ ಮ್ಯಾನೇಜ್‌ಮೆಂಟಿನದು, ಕೆಲಸ ನಮ್ಮದು. ಡ್ಯೂಟಿಯಲ್ಲಿರುವ ಸಿಸ್ಟರ್ ಇಂಜೆಕ್ಷನ್ ಲೋಡ್ ಮಾಡುತ್ತಾ, ಡಿಸ್ಚಾರ್ಜ್ ಫೈಲ್ ಹುಡುಕುತ್ತಾ, ಈ ಫೋನಿಗೂ ಉತ್ತರ ಕೊಡಬೇಕು. ಐದು ನಿಮಿಷದೊಳಗೆ ರಿಪ್ಲೈ ಹೋಗದಿದ್ದರೆ ತಿಂಗಳ ಕೊನೆಯ ರಿಪೋರ್ಟಿನಲ್ಲಿ ಕೆಂಪು ಬಣ್ಣ.

ಬರುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಸುಲಭದವು. ಹೊಕ್ಕಳುಬಳ್ಳಿ ಇನ್ನೂ ಬಿದ್ದಿಲ್ಲ, ಕಕ್ಕ ಹಸಿರಾಗಿದೆ, ಮುಂದಿನ ಲಸಿಕೆ ಯಾವಾಗ. ತಲೆನೋವು ಅಂದರೆ ಬೆಂಗಳೂರಿನಿಂದ ಬಾಣಂತನಕ್ಕೆ ತವರಿಗೆ ಬಂದ ಹುಡುಗಿಯರ ಮೆಸೇಜು. ಬಸುರಿ ಆದಾಗಿನಿಂದ ಇಂಗ್ಲಿಷ್ ಸೈಟುಗಳಲ್ಲೇ ಓದಿ ಬರೆದು ಅವರಿಗೆ ಅಭ್ಯಾಸ. ಗಂಡ ಅಂತ ಬರೆಯುವುದಿಲ್ಲ, ಡಿಎಚ್. ಮಗ ಡಿಎಸ್, ಮಗಳು ಡಿಡಿ, ಅಮ್ಮ ಡಿಎಂ, ಅತ್ತೆ ಎಂಐಎಲ್, ಪಾಪು ಎಲ್‌ಓ. ಡಿ ಅಂದರೆ ಡಿಯರ್ ಅಥವಾ ಡಾರ್ಲಿಂಗ್. ಗಂಡನ ಮೇಲೆ ಎಷ್ಟು ಸಿಟ್ಟಿದ್ದರೂ ಡಿ ಮಾತ್ರ ಬಿಡುವುದಿಲ್ಲ. 2000ದಲ್ಲಿ ಬ್ರಿಟನ್ನಿನಲ್ಲಿ ಶುರುವಾದ ಮಮ್ಸ್‌ನೆಟ್ ಅನ್ನುವ ತಾಯಂದಿರ ಸೈಟಿನಲ್ಲಿ ಇವಕ್ಕೆ ಒಂದು ದೊಡ್ಡ ಪಟ್ಟಿಯೇ ಇದೆ. ಪಟ್ಟಿ ನೋಡಿ ಬರೆಯುವವರಿಗೆ ಸಲೀಸು. ಓದುವವರು ನಾವು.

ಆಸ್ಪತ್ರೆಯವರಿಗೆ ಡಿಎಚ್ ಅಂದರೆ ಜಿಲ್ಲಾಸ್ಪತ್ರೆ. ಡಿಎಸ್ ಅಂದರೆ ಡೌನ್ ಸಿಂಡ್ರೋಮ್. ಡಿಎಂ ಅಂದರೆ ಶುಗರ್. ಒಬ್ಬರು ‘ಡಿಎಸ್ ತುಂಬಾ ಆಕ್ಟಿವ್, ನಿದ್ದೆಯೇ ಮಾಡಲ್ಲ’ ಅಂತ ಬರೆದಾಗ ಹೊಸ ಸಿಸ್ಟರ್ ಗಾಬರಿಯಾಗಿ ಹಳೇ ಸ್ಕ್ಯಾನ್ ರಿಪೋರ್ಟೆಲ್ಲ ತೆಗೆಸಿದ್ದಳು. ‘ರಾತ್ರಿ ಎರಡು ಗಂಟೆಗೊಮ್ಮೆ ಬಿಎಫ್’ ಅನ್ನುವ ಸಾಲು ಓದಿದ ರಿಸೆಪ್ಷನ್ ಹುಡುಗ ಮಾತಾಡದೆ ಫೋನನ್ನು ನನ್ನ ಕೈಗೆ ಕೊಟ್ಟು ಹೋದ. ನಮಗದು ಎದೆಹಾಲು. ಅವನಿಗೆ ಬಾಯ್‌ಫ್ರೆಂಡ್.

ನಮ್ಮದೇನೂ ಕಮ್ಮಿ ಇಲ್ಲ ಅನ್ನಿ. ಎರಡನೇ ಬಸುರಿ, ಒಂದು ಹೆರಿಗೆ ಆಗಿದೆ, ಒಂದು ಮಗು ಇದೆ ಅನ್ನಲು ಜಿ2ಪಿ1ಎಲ್1 ಅಂತ ಕೇಸ್ ಶೀಟಿನಲ್ಲಿ ಬರೆದರೆ ಮನೆಯವರಿಗೆ ಏನು ಅರ್ಥವಾಗಬೇಕು? ಪಹಣಿಯಲ್ಲಿ ಬಿನ್, ಕೋಂ ಅಂತ ಸಂಬಂಧ ಬರೆಯುವ ಊರಿನವರು ನಾವು. ಆದರೆ ಪಹಣಿ ತಪ್ಪು ಓದಿದರೆ ತಾಲ್ಲೂಕು ಆಫೀಸಿಗೆ ನಾಲ್ಕು ಸಲ ಅಲೆಯಬೇಕು, ಅಷ್ಟೇ.

ಆ ದಿನ ಕೊಡಗಿನ ಕಕ್ಕಡ ತಿಂಗಳ, ಅಂದರೆ ಜುಲೈ-ಆಗಸ್ಟಿನ ಮಳೆ ಹಿಡಿದು ಸುರಿಯುತ್ತಿತ್ತು. ರಾತ್ರಿಯಿಂದ ಕರೆಂಟಿಲ್ಲ, ಜನರೇಟರ್ ಮೇಲೆ ವಾರ್ಡ್ ನಡೆಯುತ್ತಿತ್ತು. ಬೆಳಗಿನ ಹ್ಯಾಂಡೋವರ್ ಹೊತ್ತಿಗೆ ಸರಿಯಾಗಿ ಫೋನ್ ಟಿಂಗ್ ಅಂತು. ನಾಪೋಕ್ಲು ಕಡೆಯ ಒಬ್ಬರು. ‘ಹಾಯ್ ಸಿಸ್ಟರ್, ಡಿಡಿ2ಗೆ ರಾತ್ರಿಯಿಂದ ಫೀವರ್, 100.8. ಡಿಎಚ್ ಬೆಂಗಳೂರಲ್ಲಿ. ಎಸ್‌ಐಎಲ್ ಪ್ಯಾರಾಸಿಟಮಾಲ್ ಕೊಡೋಣ ಅಂತಾರೆ. ಡಿಎಂ ಹಾಸ್ಪಿಟಲ್‌ಗೇ ಹೋಗೋಣ ಅಂತಿದಾರೆ. ಏನ್ ಮಾಡ್ಲಿ?’

ಅಷ್ಟು ಹೊತ್ತಿಗೆ ನನಗೆ ಈ ಭಾಷೆ ಬರುತ್ತದೆ ಅನ್ನುವ ಗತ್ತು ಬಂದಿತ್ತು. ಹಿಂದೆ ಕುಶಾಲನಗರದ ತಾಯಿಯೊಬ್ಬರು ನಾಲ್ಕು ವರ್ಷದ ಮಗನನ್ನು ಡಿಎಸ್4 ಅಂತ ಬರೆದಿದ್ದರು. ಹಾಗಾದರೆ ಡಿಡಿ2 ಅಂದರೆ ಎರಡು ವರ್ಷದ ಮಗಳು. ಮಳೆಗಾಲ, ಎರಡು ವರ್ಷದ ಮಗು, ನೂರರ ಮೇಲೆ ಸ್ವಲ್ಪ ಜ್ವರ. ದಿನಕ್ಕೆ ಇಂಥವು ಬೇಕಾದಷ್ಟು ಬರುತ್ತವೆ. ಮುಂದಿನ ಸಾಲುಗಳ ಮೇಲೆ ಸುಮ್ನೆ ಕಣ್ಣಾಡಿಸಿ, ಜ್ವರದ ಕ್ವಿಕ್ ರಿಪ್ಲೈ ಒತ್ತಿ, ಫೋನ್ ಟ್ರೇ ಪಕ್ಕ ಇಟ್ಟೆ.

ಆ ರಿಪ್ಲೈ ಬರೆದವರು ಯಾರೋ, ಅದರಲ್ಲಿ ವಯಸ್ಸಿನ ಮಾತೇ ಇಲ್ಲ. ‘ಡಾಕ್ಟರ್ ಹಿಂದೆ ಬರೆದುಕೊಟ್ಟ ಅಳತೆಯಲ್ಲೇ ಪ್ಯಾರಾಸಿಟಮಾಲ್ ಕೊಡಿ. ನೀರು, ಗಂಜಿ ಜಾಸ್ತಿ ಕುಡಿಸಿ. ಮೂರು ದಿನದಲ್ಲಿ ಇಳಿಯದಿದ್ದರೆ ಒಪಿಡಿಗೆ ಬನ್ನಿ.’ ಕೊನೆಗೆ ಒಂದು ನಗುವ ಮುಖ.

ನಾವು ಚೇಚಿ ಅನ್ನುವ ಹಿರಿಯ ಸಿಸ್ಟರ್ ಹ್ಯಾಂಡೋವರ್ ತಗೊಳ್ಳಲು ಬಂದವರು ಫೋನ್ ಎತ್ತಿ ನೋಡಿದರು. “ಇದು ನಮ್ಮ ಜೂನ್ ತಿಂಗಳ ಎಲ್‌ಎಸ್‌ಸಿಎಸ್ (ಸಿಸೇರಿಯನ್) ಅಲ್ವಾ? ಸ್ಟಿಚ್ ನಾನೇ ತೆಗೆದದ್ದು. ಎರಡನೇದೂ ಹೆಣ್ಣು. ಪಾಪುಗೆ ಎರಡು ತಿಂಗಳೂ ಆಗಿಲ್ಲ, ಗಂಜಿ ಯಾಕೆ ಹೇಳಿದೆ?”

ಮೂರು ತಿಂಗಳೊಳಗಿನ ಮಗುವಿಗೆ 100.4 ಮುಟ್ಟಿದರೂ ಕಾಯುವಂತಿಲ್ಲ. ಅಷ್ಟು ಚಿಕ್ಕ ಮಕ್ಕಳಿಗೆ ರಕ್ತದಲ್ಲಿ, ಮೂತ್ರದಲ್ಲಿ, ಮೆದುಳಿನ ಪೊರೆಯಲ್ಲಿ ಸೋಂಕಿದ್ದರೂ ಹೊರಗೆ ಕಾಣುವುದು ಬರೀ ಜ್ವರವೇ ಇರಬಹುದು. ಟ್ರೈನಿಂಗಿನಲ್ಲಿ ಬಾಯಿಪಾಠ ಮಾಡಿಸಿದ ವಿಷಯ. ನಾನು ಮೂರು ದಿನ ಕಾಯಿರಿ ಅಂತ ಕಳಿಸಿದ್ದೆ, ನಗುವ ಮುಖದ ಜೊತೆ.

ಇನ್ನೊಂದು ಭಯ ಅದಕ್ಕಿಂತ ದೊಡ್ಡದು. ಹಿಂದೆ ಬರೆದ ಅಳತೆ ಅಂದರೆ ಆ ಮನೆಯಲ್ಲಿ ಯಾವುದಿರುತ್ತೆ? ದೊಡ್ಡ ಮಗಳದ್ದು, ಸಿರಪ್ 5 ಎಂಎಲ್. ಪಾಪುಗಾಗಿ ತಂದಿಟ್ಟ ಬಾಟಲಿ ಡ್ರಾಪ್ಸ್. ಸಿರಪ್ಪಿನ 5 ಎಂಎಲ್‌ನಲ್ಲಿ 125 ಅಥವಾ 250 ಮಿಲಿಗ್ರಾಂ ಇರುತ್ತದೆ. ಡ್ರಾಪ್ಸ್‌ನಲ್ಲಿ ಒಂದು ಎಂಎಲ್‌ಗೇ 100. ಯಾರಾದರೂ ಡ್ರಾಪ್ಸನ್ನು 5 ಎಂಎಲ್ ಮುಚ್ಚಳದಲ್ಲಿ ಅಳೆದರೆ 500 ಮಿಲಿಗ್ರಾಂ. ನಾಲ್ಕೂವರೆ ಕೇಜಿ ಮಗುವಿಗೆ ಒಂದು ಸಲಕ್ಕೆ 70 ದಾಟಬಾರದು.

ಟಿಕ್ ಎರಡೂ ನೀಲಿ. ಡಿಲೀಟ್ ಮಾಡಲು ಬೆರಳು ಇಟ್ಟಿದ್ದೆ. “ಅದರಿಂದ ಏನು ಪ್ರಯೋಜನ, ಫೋನ್ ಮಾಡು” ಅಂತ ಚೇಚಿ ಗದರಿದರು. ಮಾಡಿದೆ. ನಾಟ್ ರೀಚಬಲ್. ಮತ್ತೆ ಮಾಡಿದೆ. ಅದೇ. ಅಷ್ಟರಲ್ಲಿ ಎರಡನೇ ಬೆಡ್ಡಿನವರ ಡ್ರಿಪ್ ಮುಗಿದು ಅವರ ಅತ್ತೆ “ಸಿಸ್ಟರ್, ಸಿಸ್ಟರ್” ಅಂತ ಕೂಗುತ್ತಿದ್ದಾರೆ. ಅಡ್ಮಿಷನ್ ರಿಜಿಸ್ಟರ್ ಬೀರುವಿನಲ್ಲಿ, ಬೀರುವಿನ ಕೀ ರಿಸೆಪ್ಷನ್ನಿನಲ್ಲಿ, ರಿಸೆಪ್ಷನ್ ಹುಡುಗ ಟೀ ಕುಡಿಯಲು ಹೋಗಿದ್ದಾನೆ. ಕೀ ಸಿಕ್ಕಿ, ಪುಟ ತಿರುವಿ, ಗಂಡನ ನಂಬರ್ ಹುಡುಕುವವರೆಗೆ ನನ್ನ ಕೈ ನೆಟ್ಟಗಿರಲಿಲ್ಲ. ಆತ ನಿದ್ದೆಗಣ್ಣಿನಲ್ಲಿ “ಯಾವ ಪಾಪುಗೆ ಮೇಡಂ?” ಅಂತ ಕೇಳಿದ. ಅದನ್ನೇ ನಾನು ಮೊದಲು ಕೇಳಬೇಕಿತ್ತು! ಹೆಂಡತಿಯ ತವರಿನ ಲ್ಯಾಂಡ್‌ಲೈನ್ ನಂಬರ್ ಕೊಟ್ಟ. ಪುಣ್ಯಕ್ಕೆ ಆ ಮನೆಯವರು ಲ್ಯಾಂಡ್‌ಲೈನ್ ತೆಗೆಸಿರಲಿಲ್ಲ. ರಿಂಗಾಗುತ್ತಲೇ ಇತ್ತು. ಕೊನೆಗೆ ಅಜ್ಜಿ ಎತ್ತಿದರು.

“ಅಮ್ಮಾ, ಜ್ವರ ಯಾರಿಗೆ? ದೊಡ್ಡದಕ್ಕೋ ಚಿಕ್ಕದಕ್ಕೋ?”

“ಚಿಕ್ಕದಕ್ಕೆ. ಮೈ ಬಿಸಿ ಉಂಟು, ಹಾಲೂ ಸರಿಯಾಗಿ ಕುಡಿತಾ ಇಲ್ಲ.”

“ಔಷಧ ಏನಾದರೂ ಕೊಟ್ಟಿರಾ?”

“ಸೊಸೆ ಬಾಟ್ಲಿ ಹಿಡ್ಕೊಂಡು ನಿಂತಿದ್ದಾಳೆ, ನೀವೇ ಕೊಡಿ ಅಂದ್ರಿ ಅಂತ. ನಾನು ಬಿಡಲಿಲ್ಲ. ಜೀಪಿಗೆ ಹೇಳಿ ಆಯ್ತು, ಹೊರಟೆವು.”

ಎಸ್‌ಐಎಲ್, ಅಂದರೆ ತಾಯಿಯ ಸಿಸ್ಟರ್ ಇನ್ ಲಾ, ಆ ಸೊಸೆ. ಡಿಎಂ ಅಂದರೆ ಈ ಅಜ್ಜಿ. ಮೆಸೇಜಿನಲ್ಲಿ ಸರಿಯಾದ ಮಾತು ಹೇಳಿದ್ದು ಅವರೊಬ್ಬರೇ, ಆ ಸಾಲನ್ನೇ ನಾನು ಹಾರಿಸಿ ಓದಿದ್ದೆ. ತಾಯಿ ಪಾಪುಗೆ ಹಾಲೂಡಿಸಲು ನೋಡುತ್ತಿದ್ದರಂತೆ. ನನ್ನ ರಿಪ್ಲೈ ಓದಿದ್ದು ಸೊಸೆ.

ಮಳೆ ಜೋರಾದರೆ ಮೂರ್ನಾಡು ರಸ್ತೆಯ ಬೊಳಿಬಾಣೆಯಲ್ಲಿ ಕಾವೇರಿ ನೀರು ರಸ್ತೆಗೆ ಬರುತ್ತದೆ. ಅವತ್ತು ಇನ್ನೂ ಬಂದಿರಲಿಲ್ಲ. ಜೀಪು ಬರುವಷ್ಟರಲ್ಲಿ ಡಾಕ್ಟರಿಗೆ ಹೇಳಿ ಪಾಪುಗೆ ಬೆಡ್ ರೆಡಿ ಮಾಡಿ ಇಟ್ಟಿದ್ದೆವು. ಸೆಪ್ಟಿಕ್ ಸ್ಕ್ರೀನ್, ಅಂದರೆ ಸೋಂಕು ಹುಡುಕುವ ಟೆಸ್ಟುಗಳಿಗೆ ಕಳಿಸಿದರು, ಯೂರಿನ್‌ನಲ್ಲಿ ಇನ್ಫೆಕ್ಷನ್ ಸಿಕ್ಕಿತು, ಐವಿ ಶುರುವಾಯಿತು. ಪಾಪು ಚೆನ್ನಾಗಿ ಮನೆಗೆ ಹೋಯಿತು.

ಡಿಸ್ಚಾರ್ಜ್ ದಿನ ತಾಯಿಗೆ ಹೇಳಿದೆ, ಡಿಡಿ2 ಅಂದರೆ ಎರಡು ವರ್ಷ ಅಂದುಕೊಂಡೆ ಅಂತ. ಅವರು ನನ್ನನ್ನೇ ನೋಡಿದರು. “ಸೆಕೆಂಡ್ ಡಾಟರ್ ಸಿಸ್ಟರ್. ವಯಸ್ಸು ಬರೆಯೋದಾದ್ರೆ ಬ್ರಾಕೆಟ್ ಹಾಕ್ತೀವಲ್ಲ!” ಎಲ್ಲರಿಗೂ ಗೊತ್ತಿರುವ ಕಾನೂನು ಅನ್ನುವ ಹಾಗೆ.

ಆಮೇಲೆ ಮೀಟಿಂಗ್. ಮ್ಯಾನೇಜ್‌ಮೆಂಟ್ ಮಾಡಿದ ಕೆಲಸ ಏನು ಗೊತ್ತಾ? ಇಂಟರ್ನೆಟ್ಟಿನಿಂದ ಒಂದು ಪಟ್ಟಿ ಇಳಿಸಿ, ಲ್ಯಾಮಿನೇಟ್ ಮಾಡಿಸಿ, ನಮ್ಮ ಡೆಸ್ಕಿಗೆ ಅಂಟಿಸಿದರು. ಅದರಲ್ಲಿ ಎಸ್‌ಐಎಲ್‌ಗೆ ಸಿಸ್ಟರ್ ಇನ್ ಲಾ ಅಂತ ಮಾತ್ರ ಇದೆ. ಅಳಿಯನಿಗೂ ಅದೇ ಮೂರು ಅಕ್ಷರ. ಸಿಸ್ಟರ್ ಇನ್ ಲಾ ಅಂದರೂ ಅತ್ತಿಗೆಯೋ, ನಾದಿನಿಯೋ, ಓರಗಿತ್ತಿಯೋ? ಔಷಧ ಕುಡಿಸಿದ್ದು ಯಾರು ಅಂತ ಡಾಕ್ಟರ್ ಕೇಳಿದರೆ ಯಾರನ್ನು ಕರೆಯಲಿ? ಡಿಡಿ ಪಕ್ಕದ ಅಂಕಿಯ ಬಗ್ಗೆ ಪಟ್ಟಿಯಲ್ಲಿ ಒಂದು ಮಾತೂ ಇಲ್ಲ.

ಡ್ರಗ್ ಚಾರ್ಟಿನಲ್ಲಿ ನಾವು ಇಷ್ಟು ಸಲೀಸಾಗಿರುವುದಿಲ್ಲ. ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಅಮೆರಿಕದ ಜಾಯಿಂಟ್ ಕಮಿಷನ್ 2004ರಲ್ಲೇ ಬಳಸಬಾರದ ಗುರುತುಗಳ ಪಟ್ಟಿ ಮಾಡಿತ್ತು. ಯೂನಿಟ್ ಅನ್ನಲು ಯು ಬರೆದರೆ ಅದು ಸೊನ್ನೆಯಂತೆ ಕಂಡು, 10 ಯೂನಿಟ್ ಇನ್ಸುಲಿನ್ 100 ಆಗಿಬಿಡಬಹುದು. ನಮ್ಮ ವಾರ್ಡಿನ ಗೋಡೆಯ ಮೇಲೂ ಅಂಥದ್ದೊಂದು ಪಟ್ಟಿ ಇದೆ. ವಾಟ್ಸಾಪ್ ಮೆಸೇಜ್ ಓದಿ ಔಷಧದ ಮಾತು ಹೇಳುವಾಗ ಆ ಎಚ್ಚರ ಯಾಕೆ ಬೇಡ ಅಂತ ಕೇಳಿದೆ. “ಟೈಮ್ ಹಿಡಿಯುತ್ತೆ” ಅನ್ನುವುದು ಉತ್ತರ.

ಡಾಕ್ಟರ್ ನನ್ನ ಪರ ನಿಂತರು. ಈಗ ಜ್ವರದ ರಿಪ್ಲೈ ಒತ್ತಿದರೆ ಮೊದಲು ಹೋಗುವುದು ಪ್ರಶ್ನೆ: ಮಗು ಹುಟ್ಟಿದ ತಾರೀಕು ಏನು, ಈಗಿನ ತೂಕ ಎಷ್ಟು, ಕೈಯಲ್ಲಿರುವುದು ಡ್ರಾಪ್ಸೋ ಸಿರಪ್ಪೋ. ಅದರ ಕೆಳಗೆ, ಮೂರು ತಿಂಗಳೊಳಗಿನ ಮಗುವಾದರೆ ಉತ್ತರಕ್ಕೆ ಕಾಯಬೇಡಿ, ನೇರ ಬನ್ನಿ ಅಂತ. “ಪ್ರತಿ ಸಲ ಅದನ್ನೇ ಕೇಳ್ತೀರಲ್ಲ, ನಿಮ್ಮ ಹತ್ರ ಫೈಲ್ ಇಲ್ವಾ?” ಅಂತ ಬೈಸಿಕೊಳ್ಳುತ್ತೇವೆ. ಬೈಯಲಿ. ಹೊಸದಾಗಿ ಬರುವ ಹುಡುಗಿಯರಿಗೆ ನಾನು ಪಟ್ಟಿ ಕಲಿಸುವುದಿಲ್ಲ, ಗೊತ್ತು ಅನ್ನಿಸಿದರೂ ಕೇಳಿ ಅಂತೀನಿ. ನಗುವ ಮುಖ ತೆಗೆದು ಹಾಕಿದ್ದೇನೆ.

ಹೋದ ತಿಂಗಳ ರಿಪೋರ್ಟಿನಲ್ಲಿ ನಮ್ಮ ಡೆಸ್ಕಿನ ರಿಪ್ಲೈ ಟೈಮ್ ಐದು ನಿಮಿಷ ದಾಟಿದೆ ಅಂತ ಕೆಂಪು ಬಣ್ಣದಲ್ಲಿ ಬಂತು. ವಿವರಣೆ ಬರೆದುಕೊಡಿ ಅಂದರು. ಇದನ್ನೇ ಚಿಕ್ಕದು ಮಾಡಿ ಬರೆದುಕೊಟ್ಟಿದ್ದೇನೆ.